ಟೈಪ್-ಸಿ ಪವರ್ ಮೀಟರ್: ಆನ್ ಆಗದ ಲ್ಯಾಪ್‌ಟಾಪ್‌ಗೆ ಇದರಿಂದ ಎಷ್ಟು ಉಪಯೋಗ?

ಚಾರ್ಜರ್ ಮತ್ತು ಲ್ಯಾಪ್‌ಟಾಪ್ ನಡುವೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಟೈಪ್-ಸಿ ಪವರ್ ಮೀಟರ್ ಕೊಳ್ಳಬಹುದೇ ಎಂದು ಕೇಳುವವರಿಗೆ ಉತ್ತರ ಮೊದಲೇ ಹೇಳಿಬಿಡೋಣ. ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿಯಲ್ಲಿ ಚಾರ್ಜ್ ಆಗುವುದಾದರೆ, ನೀವಿರುವುದು ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೋ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯೋ ಆದರೆ, ಕೊಳ್ಳಿ. ದುಂಡು ಪಿನ್ನಿನ ಚಾರ್ಜರ್ ಇರುವವರಿಗೆ ಇದು ಬೇಡ, 300 ರೂಪಾಯಿ ಆಸುಪಾಸಿನ ಮಲ್ಟಿಮೀಟರ್ ಸಾಕು. ಅದರ ವಿಷಯ ಮುಂದೆ ಬರುತ್ತದೆ. ವ್ಯಾಟ್ ತೋರಿಸುವ ಡಿಸ್‌ಪ್ಲೇ ಇರುವ ಚಾರ್ಜಿಂಗ್ ಕೇಬಲ್ ಮಾತ್ರ ಈ ಕೆಲಸಕ್ಕೆ ಯಾರೂ ಕೊಳ್ಳಬೇಡಿ.

ಊರಿನ ಮಾತು ಯಾಕೆ ಬಂತೆಂದರೆ, ನಮ್ಮ ಪೇಟೆಗಳಲ್ಲಿ ವಿಂಡೋಸ್ ಹಾಕಿಕೊಡುವ, ಸ್ಕ್ರೀನ್, ಕೀಬೋರ್ಡ್, ಎಸ್‌ಎಸ್‌ಡಿ ಬದಲಿಸುವ ಅಂಗಡಿಗಳಿಗೆ ಬರವಿಲ್ಲ. ಬೋರ್ಡಿನ ಮೇಲಿನ ಐಸಿ, ಕೆಪಾಸಿಟರ್ ಹಿಡಿದು ಮಾಡುವ ಚಿಪ್ ಲೆವೆಲ್ ಕೆಲಸ ಬಂದಾಗ ಯಂತ್ರ ಸಾಮಾನ್ಯವಾಗಿ ಹೊರಗೆ ಹೋಗುತ್ತದೆ: ಶಿರಸಿಯವರಿಗೆ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿ, ಕಾರವಾರದವರಿಗೆ ಸುಮಾರು 70 ಕಿ.ಮೀ. ದೂರದ ಮಡಗಾಂವ, ಭಟ್ಕಳದವರಿಗೆ ಉಡುಪಿ, ಮಂಗಳೂರು. ಚಾರ್ಜರ್ ಕೆಟ್ಟಿದ್ದಕ್ಕೋ ರ‍್ಯಾಮ್ ಸಡಿಲವಾಗಿದ್ದಕ್ಕೋ ಘಟ್ಟ ಇಳಿದು ಹತ್ತಿ ಬರುವುದು ದಂಡ. ದೋಷ ಚಾರ್ಜರಿನದೋ, ಕೇಬಲಿನದೋ, ಬೋರ್ಡಿನದೋ ಎಂಬುದನ್ನು ಮನೆಯ ಮೇಜಿನ ಮೇಲೆಯೇ ಬೇರ್ಪಡಿಸಿಕೊಡುವುದು ಈ ಮೀಟರಿನ ಒಂದೇ ದೊಡ್ಡ ಗುಣ. ಹಿಂಭಾಗದ ಸ್ಕ್ರೂ ಬಿಚ್ಚಬೇಕಿಲ್ಲವಾದ್ದರಿಂದ ವಾರಂಟಿಗೂ ತೊಂದರೆಯಿಲ್ಲ.

ಕೊಳ್ಳುವಾಗ ಏನು ನೋಡಬೇಕು

ಡಿಸ್‌ಪ್ಲೇ ಕೇಬಲ್ ಬೇಡವೆನ್ನಲು ಕಾರಣ ಸರಳ. ಅದು ತೋರಿಸುವುದು ವ್ಯಾಟ್ ಮಾತ್ರ, ಅದೂ ಪೂರ್ಣಾಂಕದಲ್ಲಿ. ಆನ್ ಆಗದ ಲ್ಯಾಪ್‌ಟಾಪ್ 20 ವೋಲ್ಟ್‌ನಲ್ಲಿ 0.02 ಆಂಪಿಯರ್ ಎಳೆಯುತ್ತಿದ್ದರೆ ಅದು 0.4 ವ್ಯಾಟ್, ಕೇಬಲಿನ ಮೇಲೆ ಸೊನ್ನೆ. ಬರೇ 5 ವೋಲ್ಟ್ ಬಂದು ಕರೆಂಟೇ ಹರಿಯದಿದ್ದರೂ ಸೊನ್ನೆ. ಈ ಎರಡು ಸೊನ್ನೆಗಳ ನಡುವೆಯೇ ರೋಗದ ಅರ್ಧ ಪತ್ತೆ ಅಡಗಿದೆ. ಫೋನ್ ಎಷ್ಟು ಬೇಗ ಚಾರ್ಜ್ ಆಗುತ್ತಿದೆ ಎಂದು ನೋಡಿ ಖುಷಿಪಡಲು ಆ ಕೇಬಲ್ ಅಡ್ಡಿಯಿಲ್ಲ.

ಬೇಕಾದದ್ದು ವೋಲ್ಟ್ ಮತ್ತು ಆಂಪಿಯರನ್ನು ಬೇರೆಬೇರೆ ತೋರಿಸುವ ಮೀಟರ್. ಆಂಪಿಯರ್ ಎರಡು ದಶಮಾಂಶವಾದರೂ ಇರಬೇಕು, ಮೂರಿದ್ದರೆ ಉತ್ತಮ. 30 ವೋಲ್ಟ್, 5 ಆಂಪಿಯರ್ ತಡೆಯುವುದಾಗಿರಲಿ. ಹೊಸ 140 ವ್ಯಾಟ್ ಚಾರ್ಜರುಗಳು 28 ವೋಲ್ಟ್ ಕೊಡುತ್ತವೆ. ಅದಕ್ಕಿಂತ ಕಡಿಮೆ ಮಿತಿಯ ಮೀಟರನ್ನು ಅವುಗಳ ಮಧ್ಯೆ ಸಿಕ್ಕಿಸಬಾರದು. ಗ್ರಾಫ್, ಬ್ಲೂಟೂತ್, ಆ್ಯಪ್ ಎಲ್ಲ ಇರುವ ದುಬಾರಿ ಮಾದರಿಗಳು ರಿಪೇರಿ ಮಾಡುವವರಿಗೆ ಸರಿ. ಮನೆಗೆ ಬಣ್ಣದ ಸಣ್ಣ ಪರದೆಯ ಸಾದಾ ಮೀಟರ್ ಸಾಕು. ಆನ್‌ಲೈನ್‌ನಲ್ಲಿ ಹೆಚ್ಚುಕಡಿಮೆ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ.

ಅಗ್ಗದ ಮೀಟರುಗಳಲ್ಲಿ ಒಂದು ಕೊರತೆ ಮತ್ತೆ ಮತ್ತೆ ಕಾಣುತ್ತದೆ. ಟೈಪ್-ಸಿ ಪ್ಲಗ್ಗನ್ನು ಹೇಗೆ ತಿರುಗಿಸಿ ಹಾಕಿದರೂ ನಡೆಯಬೇಕು. ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಎಷ್ಟು ವೋಲ್ಟ್ ಎಂದು ಮಾತಾಡಿಕೊಳ್ಳುವುದು ಸಿಸಿ ಎಂಬ ತಂತಿಯ ಮೇಲೆ, ಮತ್ತು ಪೋರ್ಟಿನಲ್ಲಿ ಅದಕ್ಕೆ ಎರಡು ಜಾಗವಿದೆ. ತಯಾರಕರು ಕಾಸು ಉಳಿಸಲು ಒಂದನ್ನೇ ಜೋಡಿಸಿದ್ದರೆ, ಮೀಟರ್ ಒಂದು ಮಗ್ಗುಲಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಸತ್ತಂತೆ ಕೂರುತ್ತದೆ. ಆಗ ಲ್ಯಾಪ್‌ಟಾಪ್ ಕೆಟ್ಟಿದೆಯೆಂದು ತಿಳಿಯುವುದು ಸುಲಭ. ಪಾರ್ಸೆಲ್ ಬಂದ ದಿನವೇ ಸರಿಯಿರುವ ಫೋನ್ ಅಥವಾ ಲ್ಯಾಪ್‌ಟಾಪ್ ಇಟ್ಟು, ಮೀಟರಿನ ಎರಡೂ ತುದಿಯ ಪ್ಲಗ್ಗುಗಳನ್ನು ತಿರುವಿ ತಿರುವಿ ಹಾಕಿ ನೋಡಿ. ನಾಲ್ಕೂ ಜೋಡಣೆಯಲ್ಲಿ ಒಂದೇ ವೋಲ್ಟ್ ಬರದಿದ್ದರೆ ವಾಪಸ್ ಕಳಿಸಿ.

ಮೀಟರನ್ನು ಲ್ಯಾಪ್‌ಟಾಪ್ ಪೋರ್ಟಿಗೆ ನೇರ ಸಿಕ್ಕಿಸಿ ಅದಕ್ಕೆ ಭಾರದ ಕೇಬಲ್ ಜೋತುಬಿಡಬೇಡಿ. ಪೋರ್ಟಿನೊಳಗಿನ ತೆಳು ನಾಲಿಗೆ ಬಾಗುತ್ತದೆ, ಬೆಸುಗೆ ಬಿಡುತ್ತದೆ. ಚಾರ್ಜರ್ ಕಡೆ ಇಟ್ಟರೆ ಈ ರಗಳೆಯಿಲ್ಲ. ಕೇಬಲ್ ಮೇಲೆ ಸಂಶಯ ಬಂದಾಗ ಮಾತ್ರ ಲ್ಯಾಪ್‌ಟಾಪ್ ಕಡೆ ಹಾಕಿ, ಯಂತ್ರ 3 ಆಂಪಿಯರ್ ಎಳೆಯುವಾಗ ವೋಲ್ಟ್ ಎಷ್ಟಿದೆ ನೋಡಿ: 19ಕ್ಕಿಂತ ಕೆಳಗೆ ಇಳಿದರೆ ಕೇಬಲ್ ಬದಲಿಸುವುದೇ ಸೈ.

ಮೀಟರ್ ಕೈಗೆತ್ತಿಕೊಳ್ಳುವ ಮೊದಲು

ದುಡ್ಡು ಬೇಡದ ಕೆಲಸ ಮೊದಲು. ಗೋಡೆಯ ಸಾಕೆಟ್ಟಿಗೆ ಟೇಬಲ್ ಲ್ಯಾಂಪೋ ಫೋನ್ ಚಾರ್ಜರೋ ಹಾಕಿ ಕರೆಂಟ್ ಇದೆಯೆಂದು ಖಚಿತ ಮಾಡಿಕೊಳ್ಳಿ. ಚಾರ್ಜರ್ ತೆಗೆದು, ಡಾಕ್, ಪೆನ್‌ಡ್ರೈವ್, ಎಚ್‌ಡಿಎಂಐ ಎಲ್ಲ ಕಳಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಖಾಲಿಯಾಗಿ, ಸಿಕ್ಕಿಕೊಂಡ ಎಂಬೆಡೆಡ್ ಕಂಟ್ರೋಲರ್ (ಪವರ್ ಬಟನ್, ಚಾರ್ಜಿಂಗ್ ನೋಡಿಕೊಳ್ಳುವ ಚಿಪ್) ಹೊಸದಾಗಿ ಶುರುವಾಗಲು ಇದು. ಈಗಿನ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಒಳಗೇ ಇರುವುದರಿಂದ ಬಟನ್ ಒಂದರಿಂದ ಪೂರ್ತಿ ರೀಸೆಟ್ ಆಗದಿರಬಹುದು. ಲೆನೊವೊ ಥಿಂಕ್‌ಪ್ಯಾಡ್ ಮತ್ತು ಏಸರ್‌ನ ಹಲವು ಮಾದರಿಗಳ ಅಡಿಯಲ್ಲಿ ಸೂಜಿ ತೂರುವಷ್ಟು ಸಣ್ಣ ರೀಸೆಟ್ ತೂತು ಇರುತ್ತದೆ. ಚಾರ್ಜರ್ ತೆಗೆದು, ಬಿಡಿಸಿದ ಪೇಪರ್ ಕ್ಲಿಪ್‌ನಿಂದ ಐದಾರು ಸೆಕೆಂಡ್ ಒತ್ತಿ, ನಂತರ ಚಾರ್ಜರ್ ಹಾಕಿ ಆನ್ ಮಾಡಿ. ಥಿಂಕ್‌ಪ್ಯಾಡ್ ಇದ್ದವರು ಈ ತೂತು ಒತ್ತದೆ ಅಂಗಡಿಗೆ ಹೋಗಲೇಬಾರದು.

ಆನ್ ಆಗದಿರುವುದು ಬೇರೆ, ಪರದೆ ಬೆಳಗದಿರುವುದು ಬೇರೆ. ಫ್ಯಾನ್ ತಿರುಗುತ್ತಿದೆಯೇ, ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತದೆಯೇ ಗಮನಿಸಿ. ಹತ್ತಿ ಆರಿದರೆ ಯಂತ್ರ ಬದುಕಿದೆ. ಟಿವಿಗೆ ಎಚ್‌ಡಿಎಂಐ ಹಾಕಿ ನೋಡಿ, ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ಮಸುಕು ಚಿತ್ರ ಕಾಣುತ್ತದೆಯೇ ನೋಡಿ. ಡೆಲ್ ಆದರೆ ಡಿ ಕೀ ಒತ್ತಿ ಹಿಡಿದು ಪವರ್ ಒತ್ತಿದಾಗ ಪರದೆ ಕೆಂಪು, ಹಸಿರು, ನೀಲಿ ಹೀಗೆ ಬಣ್ಣ ಬದಲಿಸಿದರೆ ಪ್ಯಾನೆಲ್ ಸರಿಯಿದೆ ಎಂದರ್ಥ.

ದೀಪ ಮಿಣುಕುವುದನ್ನು ಎಣಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಈಚಿನ ಬಹುತೇಕ ಡೆಲ್‌ಗಳಲ್ಲಿ ಅಂಬರ್ 2 ಸಲ, ಬಿಳಿ 3 ಸಲ ಮಿಣುಕಿದರೆ ರ‍್ಯಾಮ್ ಕಂಡಿಲ್ಲ; 2 ಮತ್ತು 4 ಆದರೆ ರ‍್ಯಾಮ್ ಕೆಟ್ಟಿದೆ; 3 ಮತ್ತು 1 ಆದರೆ ಗಡಿಯಾರದ ಗುಂಡಿ ಸೆಲ್ ಹೋಗಿದೆ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪ 3 ಉದ್ದ, 2 ಗಿಡ್ಡ ಹೊಡೆದರೆ ಅದೂ ರ‍್ಯಾಮ್ ಕಡೆಯದೇ. ಎರಡು ನಿಮಿಷ ಸುಮ್ಮನೆ ಕೂತು ಫೋನಿನಲ್ಲಿ ವಿಡಿಯೊ ಮಾಡಿಕೊಂಡರೆ ಎಣಿಕೆ ತಪ್ಪುವುದಿಲ್ಲ, ಅಂಗಡಿಯವರಿಗೂ ತೋರಿಸಬಹುದು. ಹೀಗೆ ಯಂತ್ರವೇ ಬಾಯಿಬಿಟ್ಟು ಹೇಳುತ್ತಿದ್ದರೆ ಮೀಟರಿನ ಅಗತ್ಯವೇ ಇಲ್ಲ.

ಮೀಟರ್ ಹೇಳುವುದನ್ನು ಓದುವುದು

ಮೊದಲ ಗೊಂದಲ: ಮೀಟರನ್ನು ಚಾರ್ಜರಿಗೆ ಮಾತ್ರ ಸಿಕ್ಕಿಸಿದರೆ ಪರದೆ ಹತ್ತುವುದೇ ಇಲ್ಲ. ಮೀಟರ್ ಹಾಳು, ಚಾರ್ಜರ್ ಹಾಳು ಎಂದು ಗಾಬರಿ ಬೇಡ. ಟೈಪ್-ಸಿ ಚಾರ್ಜರ್ ಎದುರಿಗೆ ಸಾಧನವೊಂದಿದೆ ಎಂದು ಸಿಸಿ ತಂತಿಯಲ್ಲಿ 5.1 ಕಿಲೋ ಓಮ್ ರೆಸಿಸ್ಟರ್ ಕಂಡ ಮೇಲಷ್ಟೇ ಕರೆಂಟ್ ಬಿಡುತ್ತದೆ. ಏನೂ ಸಿಕ್ಕಿಸದಾಗ ಅದರ ತುದಿಯಲ್ಲಿ ಸೊನ್ನೆ ವೋಲ್ಟ್. ಆದ್ದರಿಂದ ಚಾರ್ಜರ್ ಪರೀಕ್ಷೆಗೆ ಪಿಡಿ (ಪವರ್ ಡೆಲಿವರಿ, ಅಂದರೆ ಎಷ್ಟು ವೋಲ್ಟ್ ಎಂದು ಮಾತಾಡಿಕೊಳ್ಳುವ ಪದ್ಧತಿ) ಬೆಂಬಲವಿರುವ ಫೋನ್ ಬೇಕು. ಮೀಟರ್ 9 ವೋಲ್ಟ್ ತೋರಿಸಿದರೆ ಚಾರ್ಜರ್ ಮಾತಾಡುತ್ತಿದೆ. ಅದು 20 ವೋಲ್ಟ್ ಕೊಡುತ್ತದೆಯೇ ಎಂಬುದು ಫೋನಿನಿಂದ ಗೊತ್ತಾಗದು. ಅದಕ್ಕೆ ಪಿಡಿ ಟ್ರಿಗರ್ ಎಂಬ ಚಿಕ್ಕ ಬೋರ್ಡ್ ಸಿಗುತ್ತದೆ. 20 ವೋಲ್ಟ್‌ಗೆ ಹೊಂದಿಸಿ ಚಾರ್ಜರಿಗೆ ಹಾಕಿದರೆ ಸುಮ್ಮನೆ ಆ ವೋಲ್ಟ್ ಕೇಳುತ್ತದೆ. ಮೀಟರ್ ಜೊತೆ ಇದನ್ನೂ ತರಿಸಿಕೊಳ್ಳಿ, ಹೆಚ್ಚು ಖರ್ಚಿಲ್ಲ. ಆದರೆ 20 ವೋಲ್ಟ್‌ಗೆ ಇಟ್ಟ ಟ್ರಿಗರಿನ ಮುಂದೆ ಅಪ್ಪಿತಪ್ಪಿಯೂ ರೌಟರನ್ನೋ 5 ವೋಲ್ಟಿನ ಇನ್ನಾವುದನ್ನೋ ಸಿಕ್ಕಿಸಬಾರದು, ಒಂದೇ ಏಟಿಗೆ ಸುಡುತ್ತದೆ.

ಚಾರ್ಜರ್ ಸರಿಯಿದೆ ಎಂದಾದ ಮೇಲೆ ಲ್ಯಾಪ್‌ಟಾಪ್ ಸಿಕ್ಕಿಸಿ. ಆಗಲೂ ಮೀಟರ್ ಕತ್ತಲೆಯಲ್ಲೇ ಇದ್ದರೆ ಲ್ಯಾಪ್‌ಟಾಪ್ ತನ್ನ ಇರುವನ್ನೇ ತೋರಿಸುತ್ತಿಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೂ ಪೋರ್ಟಿನ ಪಿಡಿ ಕಂಟ್ರೋಲರ್ ಆ ರೆಸಿಸ್ಟರನ್ನು ತೋರಿಸುವಂತೆಯೇ ಮಾಡಿರುತ್ತಾರೆ. ಹಾಗಾಗಿ ಪೋರ್ಟಿನ ಪಿನ್ ಮುರಿದಿದೆ, ಕೊಳೆ ತುಂಬಿದೆ, ಇಲ್ಲವೇ ಕಂಟ್ರೋಲರ್ ಹೋಗಿದೆ. ಪ್ಲಗ್ ತಿರುವಿ ಹಾಕಿ. ಇನ್ನೊಂದು ಟೈಪ್-ಸಿ ಪೋರ್ಟ್ ಇದ್ದರೆ, ಅದು ಚಾರ್ಜಿಂಗ್ ತೆಗೆದುಕೊಳ್ಳುವಂಥದ್ದಾದರೆ, ಅಲ್ಲಿಯೂ ನೋಡಿ. ಒಂದು ಮಗ್ಗುಲಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಹೆಚ್ಚಿನ ಸಲ ಪೋರ್ಟ್ ಬದಲಿಸಿದರೆ ಮುಗಿಯುತ್ತದೆ. ಬೆಸುಗೆಯಲ್ಲಿ ಕೈ ಪಳಗಿದ ಸ್ಥಳೀಯ ಮೊಬೈಲ್ ರಿಪೇರಿಯವರೂ ಇದನ್ನು ಮಾಡಬಲ್ಲರು.

5 ವೋಲ್ಟ್ ಬಂದು ಅಲ್ಲೇ ನಿಂತು, ಆಂಪಿಯರ್ 0.00 ಇದ್ದರೆ ಮೊದಲು ಚಾರ್ಜರನ್ನೇ ಇನ್ನೊಮ್ಮೆ ದಿಟ್ಟಿಸಿ. ಫೋನ್ ಕಂಪನಿಗಳು ಕೊಡುವ 67 ವ್ಯಾಟ್, 80 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದ ಚಾರ್ಜರುಗಳಲ್ಲಿ ಬಹಳಷ್ಟಕ್ಕೆ ಹಳೆಯ ಅಗಲ ಯುಎಸ್‌ಬಿ-ಎ ತೂತು ಇರುತ್ತದೆ. ಆ ವೇಗ ಆ ಕಂಪನಿಯ ಫೋನಿಗೆ ಮಾತ್ರ. ಲ್ಯಾಪ್‌ಟಾಪ್‌ಗೆ ಸಿಗುವುದು 5 ವೋಲ್ಟ್. ಲ್ಯಾಪ್‌ಟಾಪ್ ಚಾರ್ಜರಿನ ಮೈಮೇಲೆ 5, 9, 15, 20 ವೋಲ್ಟ್ ಎಂಬ ಸಾಲು, 65 ವ್ಯಾಟಿನದಾದರೆ 20ರ ಎದುರು 3.25 ಆಂಪಿಯರ್ ಕಾಣಬೇಕು. ಕೇಬಲ್ ಬಗ್ಗೆಯೂ ಒಂದು ಮಾತು: 3 ಆಂಪಿಯರ್ ದಾಟಬೇಕಾದರೆ ಒಳಗೆ ಇ-ಮಾರ್ಕರ್ (ಕೇಬಲ್ ಎಷ್ಟು ಆಂಪಿಯರ್ ತಡೆಯುತ್ತದೆಂದು ಹೇಳುವ) ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಇಲ್ಲದಿದ್ದರೆ 100 ವ್ಯಾಟ್ ಚಾರ್ಜರೂ 60 ವ್ಯಾಟ್‌ಗೆ ಇಳಿದುಬಿಡುತ್ತದೆ. ಗ್ರಾಫಿಕ್ಸ್ ಕಾರ್ಡಿನ ದೊಡ್ಡ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು, ಬ್ಯಾಟರಿ ಖಾಲಿಯಿದ್ದಾಗ, ಇಷ್ಟಕ್ಕೆ ಆನ್ ಆಗಲು ಒಪ್ಪುವುದಿಲ್ಲ. ಚಾರ್ಜರ್, ಕೇಬಲ್ ಎರಡೂ ಸರಿಯಿದ್ದು ಇನ್ನೂ 5 ವೋಲ್ಟಿನಲ್ಲೇ ನಿಂತಿದ್ದರೆ ಪಿಡಿ ಕಂಟ್ರೋಲರ್ ಚಾರ್ಜರಿಗೆ ಉತ್ತರ ಕೊಡುತ್ತಿಲ್ಲ. ಇದು ಚಿಪ್ ಲೆವೆಲ್ ಕೆಲಸ.

20 ವೋಲ್ಟಿಗೆ ಜಿಗಿದು, ತಕ್ಷಣ ಬಿದ್ದು, ಮತ್ತೆ ಜಿಗಿಯುತ್ತ ಇದ್ದರೆ ಬೋರ್ಡಿನ ಮುಖ್ಯ ಲೈನಿನಲ್ಲಿ ಶಾರ್ಟ್ ಇರುವ ಸಂಭವ ಹೆಚ್ಚು. ಸಾಮಾನ್ಯ ಅಪರಾಧಿ ಅಕ್ಕಿಕಾಳಿಗಿಂತ ಚಿಕ್ಕದಾದ ಸೆರಾಮಿಕ್ ಕೆಪಾಸಿಟರ್. ಬಿರುಕು ಬಿಟ್ಟರೆ ಒಳಗಿನ ಪದರಗಳು ತಾಗಿ ನೇರ ಬೋರ್ಡಿನ ಗ್ರೌಂಡ್ ಲೈನಿಗೆ ಶಾರ್ಟ್ ಆಗುತ್ತದೆ. ಇದನ್ನು ಹುಡುಕುವ ಕ್ರಮ ಹೀಗೆ: ಬೆಂಚ್ ಸಪ್ಲೈ (ಬೇಕಾದ ವೋಲ್ಟ್‌ಗೆ ಹೊಂದಿಸಬಹುದಾದ ಪವರ್ ಪೆಟ್ಟಿಗೆ) ಇಟ್ಟು 1 ವೋಲ್ಟ್ ಆಸುಪಾಸು ಆ ಲೈನಿಗೆ ಹಾಯಿಸಿ, ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದರೆ, ಕೆಟ್ಟ ಭಾಗದ ಮೇಲೆ ಅದು ಮೊದಲು ಆರುತ್ತದೆ. ಥರ್ಮಲ್ ಕ್ಯಾಮೆರಾ ಇದ್ದವರಿಗೆ ಇನ್ನೂ ಸುಲಭ. ಕೆಲವೊಮ್ಮೆ ಆ ಒಂದು ಕೆಪಾಸಿಟರ್ ತೆಗೆದರೆ ಲ್ಯಾಪ್‌ಟಾಪ್ ಏಳುತ್ತದೆ. ಇಂಥ ಬೋರ್ಡಿಗೆ ಪರೀಕ್ಷೆಯಿಲ್ಲದೆ ಬದಲಿ ಬೋರ್ಡಿನ ದರ ಹೇಳಿದರೆ ಒಪ್ಪಬಾರದು. ಬೆಸುಗೆ ಕೈಯಲ್ಲಿ ಹಿಡಿದು ಗೊತ್ತಿಲ್ಲದವರು ಮನೆಯಲ್ಲಿ ಇದಕ್ಕೆ ಇಳಿಯುವುದೂ ಬೇಡ.

ಹೆಚ್ಚು ಕಾಣುವ ಓದು ಇದು: 20 ವೋಲ್ಟ್ ಗಟ್ಟಿಯಾಗಿ ನಿಂತಿದೆ, ಆಂಪಿಯರ್ 0.01ರಿಂದ 0.05, ಪವರ್ ಬಟನ್ ಒತ್ತಿದರೂ ಅಂಕಿ ಅಲ್ಲಾಡುವುದಿಲ್ಲ. ಪವರ್ ಒಳಗೆ ಹೋಗಿದೆ, ಆದರೆ ಏಳುವ ಆಜ್ಞೆ ತಲುಪಿಲ್ಲ ಅಥವಾ ನಿದ್ದೆಯಲ್ಲೂ ಇರಬೇಕಾದ 3.3 ಮತ್ತು 5 ವೋಲ್ಟಿನ ಲೈನುಗಳು ಹುಟ್ಟಿಲ್ಲ. ಬಟನ್ನಿನ ರಿಬ್ಬನ್ ಕೇಬಲ್ ಸಡಿಲವಿರಬಹುದು, ಎಂಬೆಡೆಡ್ ಕಂಟ್ರೋಲರ್ ಸಿಕ್ಕಿಕೊಂಡಿರಬಹುದು, ಯಂತ್ರವನ್ನು ಮೊದಲು ಎಬ್ಬಿಸುವ ಪ್ರೋಗ್ರಾಂ ಇರುವ ಬಯೋಸ್ ಚಿಪ್ಪಿನ ಬರಹ ಕೆಟ್ಟಿರಬಹುದು. ವಾರಂಟಿ ಮುಗಿದಿದ್ದರೆ ಹಿಂಭಾಗ ತೆರೆದು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಗುಂಡಿ ಸೆಲ್ ತೆಗೆದು, ಬಟನ್ 30 ಸೆಕೆಂಡ್ ಒತ್ತಿ, ಬ್ಯಾಟರಿ ಇಲ್ಲದೆ ಚಾರ್ಜರಿನಿಂದಲೇ ಆನ್ ಮಾಡಿ ನೋಡಿ. ಸಿಆರ್2032 ಸೆಲ್ ಹೊಸದಿದ್ದಾಗ 3 ವೋಲ್ಟ್ ದಾಟುತ್ತದೆ, 2.5ಕ್ಕೆ ಇಳಿದಿದ್ದರೆ ಬದಲಿಸಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ತಂತಿ ಬೆಸೆದ ಸೆಲ್ ಆದರೆ ಅದೇ ಥರದ್ದೇ ಬೇಕು. ಬ್ಯಾಟರಿ ಉಬ್ಬಿದ್ದು ಕಂಡರೆ ಅಲ್ಲಿಗೆ ನಿಲ್ಲಿಸಿ. ಒತ್ತಿ ಕೂರಿಸುವುದು, ಚುಚ್ಚುವುದು, ಮುಚ್ಚಳ ಬಿಗಿಯುವುದು ಬೆಂಕಿಗೆ ದಾರಿ.

ಬಟನ್ ಒತ್ತಿದಾಗ 0.3, 0.5 ಎಂದು ಏರಿ, ಎರಡು ಮೂರು ಸೆಕೆಂಡಿಗೆ ಇಳಿದು, ತಾನೇ ಮತ್ತೆ ಏರುತ್ತಿದ್ದರೆ ರ‍್ಯಾಮ್ ಮೇಲೆ ಮೊದಲ ಸಂಶಯ ಇಡಿ. ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, 99 ಶೇಕಡಾ ಆಲ್ಕೋಹಾಲಿನಿಂದ ಒರೆಸಿ, ಒಂದೊಂದೇ ಸ್ಲಾಟಿನಲ್ಲಿ ಒಂದೊಂದೇ ಹಾಕಿ ನೋಡಿ. ರ‍್ಯಾಮಿನ ಎರಡು ತಲೆಮಾರುಗಳಾದ ಡಿಡಿಆರ್4ಗೆ 260 ಪಿನ್, ಡಿಡಿಆರ್5ಕ್ಕೆ 262. ಅಂಚಿನ ಕಚ್ಚಿನ ಜಾಗ ಬೇರೆಯಾದ್ದರಿಂದ ಒಂದರ ಬದಲು ಇನ್ನೊಂದು ಕೂರದು, ಒತ್ತಾಯ ಬೇಡ. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಡಿಡಿಆರ್5 ಯಂತ್ರ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂರುತ್ತದೆ, ನಡುವೆ ಬಟನ್ ಒತ್ತಿ ಕೊಲ್ಲಬೇಡಿ. ರ‍್ಯಾಮ್ ಬೋರ್ಡಿಗೇ ಬೆಸೆದಿರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ದಾರಿ ಇಲ್ಲ.

ರ‍್ಯಾಮ್ ಅಲ್ಲವಾದರೆ ಬಯೋಸ್. ಎಚ್‌ಪಿಯಲ್ಲಿ ವಿಂಡೋಸ್ ಕೀ ಮತ್ತು ಬಿ ಹಿಡಿದು ಪವರ್ ಒತ್ತುವುದು, ಡೆಲ್‌ನಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದು ಚಾರ್ಜರ್ ಸಿಕ್ಕಿಸುವುದು ಬಯೋಸ್ ರಿಕವರಿಯ ದಾರಿ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಸತ್ತ ಯಂತ್ರಗಳಲ್ಲಿ ಇದನ್ನು ಮಾಡದೆ ಮುಂದೆ ಹೋಗಬಾರದು.

ಇನ್ನು 20 ವೋಲ್ಟಿನಲ್ಲಿ 0.5ರಿಂದ 1.5 ಆಂಪಿಯರ್ ಏರಿಳಿಯುತ್ತ ನಿಂತಿದ್ದರೆ ಯಂತ್ರ ಓಡುತ್ತಿದೆ, ಪರದೆಯ ಕಡೆ ನೋಡಿ. ಬಟನ್ ಮುಟ್ಟದೆಯೇ 1.5ರಿಂದ 2.5 ಆಂಪಿಯರ್ ಸ್ಥಿರವಾಗಿ ಎಳೆಯುತ್ತಿದ್ದರೆ ಅದು ಖಾಲಿ ಬ್ಯಾಟರಿ ತುಂಬಿಕೊಳ್ಳುತ್ತಿರುವುದು. ಅರ್ಧ ಗಂಟೆ ಬಿಟ್ಟುಬಿಡಿ ಮಾರಾಯ್ರೆ, ತಾನಾಗಿ ಏಳುವ ಯಂತ್ರವನ್ನು ಬಿಚ್ಚುವುದು ಬೇಡ. ಬ್ಯಾಟರಿ ಕೂಡಿರುವಾಗ ಚಾರ್ಜಿಂಗಿನ ಕರೆಂಟ್ ಬೆರೆತು ಓದು ಕಲಸುಮೇಲೋಗರವಾಗುತ್ತದೆ ಎಂಬುದು ಈ ಮೀಟರಿನ ದೊಡ್ಡ ಮಿತಿ. ಶುದ್ಧ ಅಂಕಿ ಬೇಕಾದರೆ ಬ್ಯಾಟರಿ ಬಿಡಿಸಲೇಬೇಕು. ಯಾವ ಐಸಿ ಹೋಗಿದೆ ಎಂಬುದನ್ನಂತೂ ಇದು ಎಂದೂ ಹೇಳದು.

ದುಂಡು ಪಿನ್ನಿನವರಿಗೆ

ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರಿನಲ್ಲಿ ಒಂದು ಬಲೆಯಿದೆ. ಅದು 1999ರವರೆಗೆ ಮಾತ್ರ ಎಣಿಸುವುದರಿಂದ ಡಿಸಿ 20 ವೋಲ್ಟ್ ರೇಂಜಿನಲ್ಲಿ 19.99ರ ಆಚೆ ತೋರದು. ಎಡಗಡೆ ಬರೇ 1 ನಿಲ್ಲುತ್ತದೆ. ಲೆನೊವೊದ 20 ವೋಲ್ಟ್ ಅಡಾಪ್ಟರ್ ಆರೋಗ್ಯವಾಗಿದ್ದರೂ ಕೆಟ್ಟಂತೆ ಕಾಣುತ್ತದೆ. ಗುಬ್ಬಿಯನ್ನು ಡಿಸಿ 200ಕ್ಕೆ ತಿರುಗಿಸಿ. ಎಚ್‌ಪಿ, ಡೆಲ್ ಪಿನ್ನಿನ ನಡುವಿನ ಸೂಜಿ ಪವರ್ ತಂತಿಯಲ್ಲ, ಅಡಾಪ್ಟರ್ ಎಷ್ಟು ವ್ಯಾಟಿನದೆಂದು ಹೇಳುವ ಗುರುತಿನ ತಂತಿ. ಹೊರಗಿನ ಲೋಹಕ್ಕೂ ಒಳಗಿನ ಲೋಹದ ಉಂಗುರಕ್ಕೂ ನಡುವೆ ಅಳೆಯಿರಿ, 19.5 ಆಸುಪಾಸು ಬರಬೇಕು. ಡೆಲ್‌ನಲ್ಲಿ ಆ ಸೂಜಿ ಬಾಗಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ತುಂಬುವುದಿಲ್ಲ, ವೇಗವೂ ಬೀಳುತ್ತದೆ. ಕೊನೆಗೊಂದು ದಿನ ಬ್ಯಾಟರಿ ಸತ್ತ ಮೇಲೆ ದೂರು ಬೋರ್ಡಿನ ಮೇಲೆ.

ಖಾಲಿಯಿದ್ದಾಗ 19.5 ತೋರಿಸಿ, ಲೋಡ್ ಬಿದ್ದೊಡನೆ ಕುಸಿಯುವ ಅಡಾಪ್ಟರುಗಳೂ ಇವೆ. ಗ್ಯಾರೇಜಿನಲ್ಲಿ ಸಿಗುವ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಎರಡನ್ನು ಸಾಲಾಗಿ ಜೋಡಿಸಿ ಕೊಟ್ಟರೆ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತವೆ. ಹತ್ತು ನಿಮಿಷ ಉರಿಸಿ. ವೋಲ್ಟ್ 19ರ ಮೇಲೆ ನಿಂತರೆ ಅಡಾಪ್ಟರ್ ಗಟ್ಟಿ. ಬಲ್ಬಿನ ತಂತು ತಣ್ಣಗಿರುವಾಗ ಹೆಚ್ಚು ಕರೆಂಟ್ ಎಳೆಯುವುದರಿಂದ ಮೊದಲ ಕ್ಷಣ ಅಡಾಪ್ಟರ್ ಮಿಣುಕಬಹುದು, ಅದು ದೋಷವಲ್ಲ. ಗಾಜು ಸುಡುವಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ. ಅಡಾಪ್ಟರ್ ಪೆಟ್ಟಿಗೆ ಒಡೆದು ನೋಡುವ ಚಟ ಬೇಡ: ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ದಾಟಿದ ಡಿಸಿ ಪ್ಲಗ್ ತೆಗೆದ ಮೇಲೂ ಉಳಿದಿರಬಹುದು.

ಉಪ್ಪು ಗಾಳಿ, ಗುಡುಗು, ಅರ್ಥಿಂಗ್

ಕರಾವಳಿಯಲ್ಲಿ ಪೋರ್ಟ್ ಕೆಡುವ ರೀತಿಯೇ ಬೇರೆ. ಉಪ್ಪು ಬೆರೆತ ತೇವದ ಪಸೆ ಪಿನ್ನುಗಳ ಮೇಲೆ ಕೂತಾಗ, 20 ವೋಲ್ಟ್ ಇರುವ ಪಿನ್ನಿಗೂ ಪಕ್ಕದ ಪಿನ್ನಿಗೂ ನಡುವೆ ಸಣ್ಣಗೆ ಕರೆಂಟ್ ಹರಿದು ಲೋಹ ಕರಗುತ್ತದೆ, ಹಸಿರು ಕಿಲುಬು ಕಟ್ಟುತ್ತದೆ. ಚಾರ್ಜರನ್ನು ಹಗಲು ರಾತ್ರಿ ಸಿಕ್ಕಿಸಿಯೇ ಇಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಇದು ಬೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಮುಗಿದ ಮೇಲೆ ಪ್ಲಗ್ ತೆಗೆದಿಡಿ. ಶುಚಿ ಮಾಡಲು ಲೋಹದ ಪಿನ್ ಬಳಸಬೇಡಿ. ಮರದ ಕಡ್ಡಿಯ ತುದಿಗೆ ತೆಳುವಾಗಿ ಬಟ್ಟೆಯ ಎಳೆ ಸುತ್ತಿ 99 ಶೇಕಡಾ ಆಲ್ಕೋಹಾಲ್ ಅದ್ದಿ, ಯಂತ್ರ ಆಫ್ ಇದ್ದಾಗ ಒರೆಸಿ, ಕಾಲು ಗಂಟೆ ಆರಲು ಬಿಡಿ. ನೀರು ಬಿದ್ದ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಉಪ್ಪು ಹೋಗುವುದಿಲ್ಲ. ಹೇರ್ ಡ್ರೈಯರ್ ಬಿಸಿಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಬ್ಯಾಟರಿ ಬಿಡಿಸಿ, ಬೋರ್ಡನ್ನು ಆಲ್ಕೋಹಾಲಿನಲ್ಲಿ ತೊಳೆಸುವುದೇ ದಾರಿ, ಅದೂ ಒಂದೆರಡು ದಿನದೊಳಗೆ.

ಘಟ್ಟದ ಮೇಲೆ ಕಾಟ ಕೊಡುವುದು ಮುಂಗಾರಿಗೆ ಮೊದಲಿನ ಮತ್ತು ಅಕ್ಟೋಬರ್ ಕಡೆಯ ಗುಡುಗು ಮಳೆ. ಚಾರ್ಜರ್ 100ರಿಂದ 240 ವೋಲ್ಟ್ ತನಕ ತಡೆಯುವುದರಿಂದ ವೋಲ್ಟೇಜ್ ಕಡಿಮೆಯಾದರೆ ಅದಕ್ಕೆ ಚಿಂತೆಯಿಲ್ಲ, ಸ್ಟೆಬಿಲೈಸರ್ ಬೇಕಿಲ್ಲ. ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದಾಗ ಮಾತ್ರ ಸಿಂಗಲ್ ಫೇಸ್ ಮನೆಗೆ 400ರ ಹತ್ತಿರ ನುಗ್ಗಬಹುದು. ಚಾರ್ಜರ್ ಸುಡುವುದು ಆಗ. ಸಿಡಿಲಿನ ಮರುದಿನ ಮೀಟರ್ ಕತ್ತಲೆಯಲ್ಲಿದ್ದರೆ ಹೆಚ್ಚಿನ ಸಲ ಹೋಗಿರುವುದು ಚಾರ್ಜರ್ ಮಾತ್ರ. ಲ್ಯಾನ್ ಕೇಬಲ್ ಸಿಕ್ಕಿಸಿಟ್ಟಿದ್ದರೆ ಅಷ್ಟು ಧೈರ್ಯ ಹೇಳಲಾಗದು, ಸಿಡಿಲು ರೌಟರ್ ಮೂಲಕ ನೇರ ಬೋರ್ಡಿಗೆ ಹಾಯುತ್ತದೆ. ಮೋಡ ಕಟ್ಟಿದಾಗ ಪ್ಲಗ್ ಮತ್ತು ಲ್ಯಾನ್ ಎರಡನ್ನೂ ಕೀಳಿ.

ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಇಲ್ಲ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಿದ್ದೀರಿ. ಮಲ್ಟಿಮೀಟರನ್ನು ಎಸಿ 750 ಅಥವಾ 600ರ ರೇಂಜಿನಲ್ಲಿಟ್ಟು ಫೇಸ್‌ನಿಂದ ಅರ್ಥ್‌ಗೆ ಅಳೆದರೆ ಫೇಸ್‌ನಿಂದ ನ್ಯೂಟ್ರಲ್‌ಗೆ ಬಂದಷ್ಟೇ ಬರಬೇಕು. ಕಡಿಮೆ ಬಂದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹನಿಸದಿದ್ದರೆ ಅದು ಇದ್ದೂ ಇಲ್ಲದಂತೆ.

ಅಂಗಡಿಗೆ ಕೊಡುವಾಗ

ಮೀಟರಿನ ಓದನ್ನು ವಿಡಿಯೊ ಮಾಡಿಕೊಂಡು ಹೋಗಿ. "ಆನ್ ಆಗ್ತಿಲ್ಲ" ಎನ್ನುವ ಬದಲು "20 ವೋಲ್ಟ್ ಬರ್ತದೆ, 0.02ರಲ್ಲೇ ನಿಲ್ತದೆ, ಬಟನ್ ಒತ್ತಿದ್ರೂ ಏರೂದಿಲ್ಲ" ಎಂದರೆ ಬೋರ್ಡ್ ಕೆಲಸ ಬಲ್ಲವರು ಕೂಡಲೇ ಮುಂದಿನ ಪ್ರಶ್ನೆ ಕೇಳುತ್ತಾರೆ. ಕೇಳದೆಯೇ "ಬೋರ್ಡ್ ಹೋಗಿದೆ" ಎಂದರೆ ಯಾವ ಲೈನ್ ಸತ್ತಿದೆ, ಎಷ್ಟು ಓಮ್ ಬಂತು ಎಂದು ವಿಚಾರಿಸಿ. ಅಳೆದವರಿಗೆ ಉತ್ತರ ಇರುತ್ತದೆ. ಹಾಟ್ ಏರ್‌ನಿಂದ ಚಿಪ್ ಬಿಸಿ ಮಾಡಿ ಎಬ್ಬಿಸಿಕೊಡುತ್ತೇವೆ ಎಂಬ ಮಾತಿಗೆ ಮರುಳಾಗಬೇಡಿ. ಎದ್ದರೂ ಅದು ಹೆಚ್ಚು ದಿನ ಬಾಳುವ ರಿಪೇರಿಯಲ್ಲ. ವಾರಂಟಿ ಇದ್ದರೆ ಅಡಿಯ ಸರ್ವಿಸ್ ಟ್ಯಾಗ್ ಅಥವಾ ಸೀರಿಯಲ್ ನಂಬರ್ ಹೇಳಿ ಕಂಪನಿಗೇ ಫೋನ್ ಮಾಡಿ, ಆನ್‌ಸೈಟ್ ಸೇವೆ ನಿಮ್ಮ ಪಿನ್‌ಕೋಡಿಗೆ ಇದೆಯೇ ಎಂದು ಕೇಳುವುದು ಮೊದಲ ಕೆಲಸ. ಇತ್ಯರ್ಥವಾಗದ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಎಸ್‌ಎಸ್‌ಡಿ ತೆಗೆಯಲು ಬರುವಂಥದ್ದಾದರೆ ತೆಗೆದು ಮನೆಯಲ್ಲಿಟ್ಟು ಹೋಗಿ. ಆನ್ ಆಗದ ಬೋರ್ಡ್ ಪರೀಕ್ಷಿಸಲು ಅದು ಬೇಕಿಲ್ಲ, ಪಾಸ್‌ವರ್ಡ್ ಕೊಡುವ ಪ್ರಮೇಯವೂ ಬಾರದು. ಜೊತೆಗೆ, ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಎಸ್‌ಎಸ್‌ಡಿಯ ಮಾಹಿತಿಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರುತ್ತದೆ. ಬೋರ್ಡ್ ಬದಲಾದರೆ ಖಂಡಿತ, ಬಯೋಸ್ ಹೊಸದಾಗಿ ಬರೆದರೂ ಹಲವು ಸಲ, ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಯಂತ್ರವನ್ನು ಕೌಂಟರ್ ಮೇಲೆ ಇಡಿ.